ತಿಕೋಟಾ ಎಲ್ಲಿ ಹೋಯಿತು?

ವಿಜಯಪುರದಲ್ಲಿ ನಿಂತವರಿಗೆ ಅದು ಅಥಣಿ ರಸ್ತೆ. ಅದೇ ರಸ್ತೆಯನ್ನು ಹಿಡಿದು ಪಡುವಲಿಗೆ ಹೊರಟು, ತೊರವಿಯನ್ನು ಹಿಂದಿಕ್ಕಿ, ತಿಕೋಟಾವನ್ನು ದಾಟಿ, ಬೆಳಗಾವಿ ಜಿಲ್ಲೆಯ ಗಡಿಯನ್ನು ಹೊಕ್ಕು, ಅಥಣಿಯನ್ನು ಮುಟ್ಟಿದ ಮೇಲೆ ಅಲ್ಲಿ ಯಾರನ್ನಾದರೂ ನಿಲ್ಲಿಸಿ, “ಅಥಣಿ ರಸ್ತೆ ಯಾವುದು?” ಎಂದು ಕೇಳಿ ನೋಡಿರಿ. ನಿಮ್ಮ ಮುಖವನ್ನೊಮ್ಮೆ ದಿಟ್ಟಿಸಿ ಅವರು ಮುಂದೆ ಹೋದಾರು. ಅವರ ಪಾಲಿಗೆ ಅದು ವಿಜಯಪುರ ರಸ್ತೆ. ಡಾಂಬರು ಅದೇ, ತಗ್ಗುಗಳು ಅವೇ. ಹೆಸರು ಮಾತ್ರ ನಾವು ನಿಂತ ನೆಲವನ್ನು ನೋಡಿಕೊಂಡು ಬದಲಾಗುತ್ತದೆ. ತಿಕೋಟಾದವರ ಸ್ಥಿತಿ ಇನ್ನೂ ಸೊಗಸು. ಮನೆಯಿಂದ ಹೊರಬಿದ್ದು ಒಂದು ಕಡೆಗೆ ಮುಖ ಮಾಡಿದರೆ ಅಥಣಿ ರಸ್ತೆ, ಇನ್ನೊಂದು ಕಡೆಗೆ ತಿರುಗಿದರೆ ವಿಜಯಪುರ ರಸ್ತೆ!

ಹೆಸರಿನ ತಂಟೆ ಇಷ್ಟಕ್ಕೇ ಮುಗಿಯಲಿಲ್ಲ. 2014ನೆಯ ಇಸವಿ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ಆದರೆ ಬೆಂಗಳೂರಿನ ಬಳಿ ದೇವನಹಳ್ಳಿ ತಾಲೂಕಿನಲ್ಲಿ ಅದಕ್ಕೂ ಮೊದಲಿನಿಂದ ಒಂದು ವಿಜಯಪುರವಿದೆ. ತಿಕೋಟಾ ವಿಧಾನಸಭಾ ಕ್ಷೇತ್ರವೆಂಬುದು 2008ರ ಚುನಾವಣೆಯ ಹೊತ್ತಿಗೆ ಬಬಲೇಶ್ವರ ಕ್ಷೇತ್ರವಾಯಿತು. ವಿಜಯಪುರ ತಾಲೂಕಿನ ಊರುಗಳಾಗಿದ್ದ ಆ ಎರಡೂ ಈಗ ತಾವೇ ತಾಲೂಕುಗಳು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ‘ತೊರವೆ’ಯನ್ನು ಊರ ಜನ ‘ತೊರವಿ’ ಎನ್ನುತ್ತಾರೆ. ಇಷ್ಟೆಲ್ಲ ಇದ್ದರೂ ಈ ದಾರಿಯಲ್ಲಿ ಬಸ್ಸು ತಪ್ಪಿಸಿಕೊಂಡವರುಂಟೇ ಹೊರತು ಊರನ್ನೇ ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ. ಹೆಸರು ಅತ್ತಿತ್ತ ಆದರೂ ಊರನ್ನು ಗುರುತಿಸುವ ಬುದ್ಧಿ ಮನುಷ್ಯನಿಗೆ ಹುಟ್ಟಿನಿಂದಲೇ ಬಂದಿದೆ. ಗಣಕಯಂತ್ರಕ್ಕೆ ಅದಿಲ್ಲ. ಅದಿಲ್ಲದ ಕಾರಣದಿಂದ ದ್ರಾಕ್ಷಿಯ ಸುಗ್ಗಿಯಲ್ಲಿ ಒಂದು ಮುಂಜಾನೆ ತಿಕೋಟಾ ಮತ್ತು ಬಬಲೇಶ್ವರಗಳೆರಡೂ ಮಾಯವಾದುವು. ಆ ಕಥೆಯನ್ನೇ ಈ ಸಲ ವಾಚಕರ ಮುಂದಿಡುತ್ತೇನೆ.

ನನ್ನ ತಂಗಿಯ ಮಗಳು ಎಂಜಿನಿಯರಿಂಗು ಓದಿ, ಪುಣೆಯಲ್ಲಿ ಕೆಲವು ವರ್ಷ ದುಡಿದು, ಈಗ ಊರಿಗೆ ಮರಳಿ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿಯೇ ಕುಳಿತು ಕೆಲಸ ಮಾಡುತ್ತಾಳೆ. ಒಣದ್ರಾಕ್ಷಿಯ ವ್ಯಾಪಾರಿಯೊಬ್ಬರು ಆಕೆಗೆ ಒಂದು ಕೆಲಸವನ್ನು ಒಪ್ಪಿಸಿದರು. ರೈತರು ತಂದ ಮಾಲನ್ನು ತೂಗಿದ ಕೂಡಲೇ ಊರು, ಹೆಸರು, ತೂಕ, ದರ್ಜೆ ಎಲ್ಲವನ್ನೂ ಕನ್ನಡದಲ್ಲಿ ಮುದ್ರಿಸಿ ಚೀಟಿ ಕೊಡುವ ಪ್ರೋಗ್ರಾಮು ಬೇಕಾಗಿತ್ತು. ಚೀಟಿ ಸಣ್ಣದು, ಆದರೆ ಅದರ ಬೆಲೆ ಸಣ್ಣದಲ್ಲ. ಅದನ್ನು ತೋರಿಸಿದರೇ ಮುಂಗಡ. ಮುಂಗಡ ಸಿಕ್ಕರೇ ಕೂಲಿಯವರ ಬಟವಾಡೆ, ಔಷಧದ ಅಂಗಡಿಯ ಬಾಕಿ, ಮಗಳ ಮದುವೆಯ ಜವಳಿ.

ಕೆಲಸದಲ್ಲಿ ಮೂರು ಯಂತ್ರಗಳು ಕೂಡಿದ್ದುವು. ಸೊಸೆಯದು ವಿಂಡೋಸ್ ವ್ಯವಸ್ಥೆಯ ಲ್ಯಾಪ್‌ಟಾಪು. ಪುಣೆಯಲ್ಲಿದ್ದುಕೊಂಡು ಆಕೆಗೆ ನೆರವಾಗುವ ಗೆಳತಿಯದು ಸೇಬಿನ ಗುರುತಿನ ಹಳೆಯ ಮ್ಯಾಕ್. ಗೋದಾಮಿನಲ್ಲಿ ಕೂಡ್ರಬೇಕಾದದ್ದು ಖರ್ಚು ಉಳಿಯಲೆಂದು ಲಿನಕ್ಸ್ ಹಾಕಿಸಿದ ಯಂತ್ರ. ಒಂದೇ ಪ್ರೋಗ್ರಾಮು ಮೂರರ ಮೇಲೂ ನಡೆಯಬೇಕು. ಒಂದೇ ಹಿಟ್ಟನ್ನು ಮೂರು ಮನೆಯ ಒಲೆಯ ಮೇಲೆ ರೊಟ್ಟಿ ಮಾಡಿದಂತೆ ಎಂದುಕೊಂಡಿದ್ದೆ. ಒಲೆಗಳ ಸ್ವಭಾವವೇ ಬೇರೆ ಬೇರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಪ್ರೋಗ್ರಾಮೆಂಬುದು ಒಂದೇ ಹಾಳೆಯ ಮೇಲೆ ಬರೆದ ಪತ್ರವಲ್ಲ. ಹತ್ತಾರು ಫೈಲುಗಳು, ಅವು ಫೋಲ್ಡರಿನೊಳಗೆ ಫೋಲ್ಡರಾಗಿ ಹರಡಿಕೊಂಡಿರುತ್ತವೆ. ಅವನ್ನೆಲ್ಲ ಹುಡುಕಿ ತಂದು, ಒಂದಕ್ಕೊಂದು ಹೊಂದಿಸಿ, ನಡೆಯುವ ಪ್ರೋಗ್ರಾಮನ್ನು ಕಟ್ಟಿಕೊಡುವ ಕೆಲಸಕ್ಕೆ ಬೇರೆಯೇ ಒಂದು ಸಲಕರಣೆಯಿದೆ. ಅದನ್ನು ಬಿಲ್ಡ್ ಟೂಲ್ ಎನ್ನುವರು. ಇವುಗಳ ಕುಲದ ಹಿರಿಯನೆಂದರೆ ‘ಮೇಕ್’. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ಅದನ್ನು ರಚಿಸಿದರು. ಅದರ ರೀತಿ ನಮ್ಮ ಅಡುಗೆಮನೆಯದೇ. ಹೋಳಿಗೆಗೆ ಬೇಕಾದದ್ದು ಕಣಕ ಮತ್ತು ಹೂರಣ. ಹೂರಣಕ್ಕೆ ಬೇಕಾದದ್ದು ಬೇಳೆ ಮತ್ತು ಬೆಲ್ಲ. ಬೆಲ್ಲ ಬದಲಾದರೆ ಹೂರಣವನ್ನು ಮತ್ತೆ ಮಾಡಬೇಕು, ಕಣಕವನ್ನು ಮತ್ತೆ ನಾದಬೇಕಾಗಿಲ್ಲ. ಯಾವುದು ಹೊಸದು, ಯಾವುದು ಹಳೆಯದು ಎಂಬುದನ್ನು ಫೈಲಿನ ಮೇಲಿನ ತಾರೀಖು ನೋಡಿ ಮೇಕ್ ತಾನೇ ನಿರ್ಧರಿಸುತ್ತದೆ. ಅದಕ್ಕೆ ಬರೆದುಕೊಡುವ ನಿಯಮವಾದರೂ ಬಹು ಸರಳ: ಮೊದಲು ‘ಹೋಳಿಗೆ’, ಆಮೇಲೆ ಎರಡು ಚುಕ್ಕೆಯ ವಿವರಣ ಚಿಹ್ನೆ, ಆಮೇಲೆ ‘ಕಣಕ’, ನಡುವೆ ಒಂದು ತೆರಪು, ಆಮೇಲೆ ‘ಹೂರಣ’.

ಇಲ್ಲಿಯೇ ಮೊದಲನೆಯ ಮುಳ್ಳು. ತೆರಪು ಬಂದಲ್ಲಿ ಒಂದು ಹೆಸರು ಮುಗಿದು ಇನ್ನೊಂದು ಶುರುವಾಯಿತೆಂದು ಮೇಕ್ ತಿಳಿಯುತ್ತದೆ. ‘ಅಥಣಿ ರಸ್ತೆ’ ಎಂಬ ಫೋಲ್ಡರಿದ್ದರೆ ಅದು ‘ಅಥಣಿ’ಯನ್ನು ಬೇರೆಯಾಗಿ, ‘ರಸ್ತೆ’ಯನ್ನು ಬೇರೆಯಾಗಿ ಹುಡುಕಲು ಹೊರಡುತ್ತದೆ. ವಿಂಡೋಸಿನವರು ಡಿಸ್ಕಿನ ಗುರುತಾಗಿ ‘ಸಿ’ ಎಂದು ಬರೆದು ಅದರ ಮುಂದೆ ಅದೇ ಎರಡು ಚುಕ್ಕೆಯನ್ನು ಇಡುತ್ತಾರೆ. ಆಗ ಮೇಕ್, ‘ಸಿ’ ಎಂಬ ಪಕ್ವಾನ್ನವನ್ನು ಮಾಡಬೇಕಾಗಿದೆಯೋ ಏನೋ ಎಂದು ತಬ್ಬಿಬ್ಬಾಗುತ್ತದೆ. ಯುನಿಕ್ಸ್ ಎಂಬ ವ್ಯವಸ್ಥೆಯ ಮನೆಯಲ್ಲಿ ಬೆಳೆದ ಸಲಕರಣೆ ಅದು. ಅಲ್ಲಿ ‘ಸಿ’ ಎಂಬ ಓಣಿಯೇ ಇಲ್ಲ. ವಿಂಡೋಸಿನಲ್ಲಿಯಾದರೂ ‘ಎ’, ‘ಬಿ’ಗಳೇಕೆ ಕಾಣುವುದಿಲ್ಲವೆಂದು ಕೇಳುವವರುಂಟು. ಅವು ಹಿಂದಿನ ಕಾಲದ ಫ್ಲಾಪಿಗಳಿಗೆ ಮೀಸಲಾಗಿದ್ದ ಹೆಸರುಗಳು. ಫ್ಲಾಪಿ ಹೋಯಿತು, ಮೂರನೆಯ ಅಕ್ಷರವು ಮೊದಲನೆಯದರ ಪಟ್ಟವೇರಿತು.

ಫೈಲು ಎಲ್ಲಿದೆಯೆಂದು ಹೇಳುವ ವಿಳಾಸಕ್ಕೆ ‘ಪಾಥ್’ ಎಂದು ಹೆಸರು. ನಾವು ದಾರಿ ಎನ್ನೋಣ. ಹೊರಗಿನ ಫೋಲ್ಡರಿನ ಹೆಸರು, ಒಂದು ಗೆರೆ, ಒಳಗಿನದರ ಹೆಸರು, ಇನ್ನೊಂದು ಗೆರೆ, ಕೊನೆಗೆ ಫೈಲು. ಈ ಒಂದು ಗೆರೆ ಎತ್ತ ವಾಲಬೇಕೆಂಬ ವಿಷಯದಲ್ಲಿ ಲೋಕವು ನಾಲ್ಕು ದಶಕಗಳಿಂದ ಒಮ್ಮತಕ್ಕೆ ಬಂದಿಲ್ಲ. 1969ರಿಂದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸನ್ನು ಕಟ್ಟಿದಾಗ ಬಲಕ್ಕೆ ವಾಲಿದ ಗೆರೆಯನ್ನು (/) ಆರಿಸಿಕೊಂಡರು. ಲಿನಕ್ಸು ನಡೆಯುವುದು ಆ ಸಂಪ್ರದಾಯದಲ್ಲಿಯೇ. 1981ರಲ್ಲಿ ಮೈಕ್ರೋಸಾಫ್ಟಿನ ಡಾಸ್ ಬಂದಿತು. ಅದರಲ್ಲಿ ಫೋಲ್ಡರುಗಳೇ ಇರಲಿಲ್ಲ. ಬಲವಾಲು ಗೆರೆಯನ್ನು ಆಜ್ಞೆಗಳ ಜೊತೆಗೆ ಸೂಚನೆ ಕೊಡುವುದಕ್ಕೆ ಬಳಸಿಬಿಟ್ಟಿದ್ದರು. 1983ರಲ್ಲಿ ಡಾಸಿನ ಎರಡನೆಯ ಆವೃತ್ತಿಯೊಡನೆ ಫೋಲ್ಡರುಗಳು ಬಂದಾಗ ನೋಡುತ್ತಾರೆ, ಬಸ್ಸಿನಲ್ಲಿ ಮೊದಲೇ ಟವೆಲು ಹಾಸಿದ ಸೀಟಿನಂತೆ ಆ ಚಿಹ್ನೆಯ ಜಾಗ ಭರ್ತಿಯಾಗಿದೆ. ಹಿಂದಿನ ಸೀಟಿನಲ್ಲಿ ಖಾಲಿ ಕುಳಿತಿದ್ದ ಎಡವಾಲು ಗೆರೆಗೆ (\) ಆ ಭಾಗ್ಯ ಬಂದಿತು. ಜಪಾನಿನಲ್ಲಿ ಆ ಸಂಕೇತದ ಸ್ಥಳದಲ್ಲಿ ಅವರ ನಾಣ್ಯವಾದ ಯೆನ್ನಿನ ಗುರುತು ಇದ್ದುದರಿಂದ ಅಲ್ಲಿಯ ವಿಂಡೋಸಿನಲ್ಲಿ ಫೈಲಿನ ದಾರಿಯ ತುಂಬ ದುಡ್ಡೇ ದುಡ್ಡು! 1984ರ ಮ್ಯಾಕ್ ಇವೆರಡನ್ನೂ ಬಿಟ್ಟು ಎರಡು ಚುಕ್ಕೆಯನ್ನು ಹಿಡಿಯಿತು. 2001ರಲ್ಲಿ ತಾನೂ ಯುನಿಕ್ಸಿನ ಹಾದಿಗೆ ಬಂದಿತು.

ಎಡವಾಲು ಗೆರೆಗೆ ಇನ್ನೊಂದು ಉದ್ಯೋಗವೂ ಇತ್ತು. ಸಿ ಭಾಷೆಯಲ್ಲಿಯೂ ಅದನ್ನು ಅನುಸರಿಸಿದ ಹಲವು ಭಾಷೆಗಳಲ್ಲಿಯೂ ಆ ಗೆರೆಯ ಮುಂದೆ ಬರುವ ಸಣ್ಣ ಇಂಗ್ಲಿಷ್ ಅಕ್ಷರಕ್ಕೆ ವಿಶೇಷ ಅರ್ಥವುಂಟು. ‘ಎ’ ಬಂದರೆ ಗಂಟೆ ಬಾರಿಸು. ‘ಬಿ’ ಬಂದರೆ ಒಂದು ಹೆಜ್ಜೆ ಹಿಂದೆ ಸರಿ. ‘ಟಿ’ ಬಂದರೆ ಸಾಲಿನಲ್ಲಿ ಮುಂದಕ್ಕೆ ಹಾರು. ‘ವಿ’ ಬಂದರೆ ಕೆಳಕ್ಕೆ ಹಾರು. ಈಗ ನಮ್ಮ ಊರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೆನೆಯಿರಿ: ಅಥಣಿಗೆ ‘ಎ’, ಬಬಲೇಶ್ವರಕ್ಕೆ ‘ಬಿ’, ತಿಕೋಟಾಕ್ಕೆ ‘ಟಿ’, ವಿಜಯಪುರಕ್ಕೆ ‘ವಿ’. ಯಾರೋ ಕೂತು ಲೆಕ್ಕ ಹಾಕಿ ನಮ್ಮ ಸೀಮೆಗೆಂದೇ ಹೂಡಿದ ಸಂಚಿನಂತಿತ್ತು! ಮೊದಲ ವಾರದಲ್ಲಿ ಸೊಸೆ ಊರಿಗೊಂದು ಫೋಲ್ಡರು ಮಾಡಿ, ದಾರಿಯನ್ನು ಎಡವಾಲು ಗೆರೆಯಿಂದ ಬರೆದು, ಅದನ್ನು ತೆರೆಯ ಮೇಲೆ ಮೂಡಿಸಿದಳು. ಕೋಣೆಯಲ್ಲಿ ಟಣ್ ಎಂದು ಸದ್ದಾಯಿತು. ಅಥಣಿಯು ‘ಥಣಿ’ಯಾಗಿತ್ತು, ತಿಕೋಟಾ ದೂರ ಸರಿದು ‘ಇಕೋಟಾ’ ಆಗಿತ್ತು, ವಿಜಯಪುರದ ತಲೆ ಹಾರಿ ‘ಇಜಯಪುರ’ ಒಂದು ಸಾಲು ಕೆಳಗೆ ಬಿದ್ದಿತ್ತು. ಬಬಲೇಶ್ವರ ತನ್ನ ಮೊದಲಕ್ಷರವನ್ನು ಕಳೆದುಕೊಂಡಿತಲ್ಲದೆ ನೆರೆಯ ಅಕ್ಷರವನ್ನೂ ಮುಕ್ಕಿತ್ತು.

ಕೆಳಗೆ ಕುಳಿತಿದ್ದ ನಾನು, “ಯಾಕವಾ, ದೇವರ ಪೂಜಿ ಮಾಡಾಕತ್ತಿ ಏನ?” ಎಂದು ಕೂಗಿದೆ.

“ಇಲ್ರೀ ಮಾಮಾ, ಅಥಣಿಗಿ ಹೊಂಟಿದ್ದೆ,” ಎಂದು ಮೇಲಿನಿಂದ ಉತ್ತರ ಬಂದಿತು.

ಇದಕ್ಕೆ ರೂಢಿಯ ಮದ್ದೊಂದಿದೆ: ಪ್ರತಿ ಗೆರೆಯನ್ನೂ ಎರಡೆರಡು ಸಲ ಬರೆಯುವುದು. ಆಕೆ ಅದನ್ನೇ ಮಾಡಿದಳು. ವಿಂಡೋಸಿನ ಮೇಲೆ ಎಲ್ಲವೂ ಸುಗಮವಾಯಿತು. ಆದರೆ ಗೋದಾಮಿನ ಯಂತ್ರವನ್ನು ಮನೆಗೆ ತಂದು ಅದರ ಮೇಲೆ ಕಟ್ಟಲು ಹೋದಾಗ ರೂಢಿಯ ಮದ್ದೇ ರೋಗವಾಯಿತು. ಲಿನಕ್ಸಿನಲ್ಲಿ ಎಡವಾಲು ಗೆರೆಯು ಫೋಲ್ಡರುಗಳನ್ನು ಬೇರ್ಪಡಿಸುವುದಿಲ್ಲ. ಅದು ಹೆಸರಿನಲ್ಲಿ ಇರಬಹುದಾದ ಒಂದು ಸಾಧಾರಣ ಅಕ್ಷರ. ಆದುದರಿಂದ ಯಂತ್ರವು ಚಕಾರವೆತ್ತದೆ ‘ಚೀಟಿ, ಗೆರೆ, ತಿಕೋಟಾ, ಗೆರೆ, ಪಟ್ಟಿ’ ಎಂಬಷ್ಟು ಉದ್ದದ ಒಂದೇ ಹೆಸರಿನ ಒಂದೇ ಫೈಲನ್ನು ಮಾಡಿಟ್ಟಿತು. ತಪ್ಪೆಂದು ಕೂಗಿದ್ದರೆ ಅರ್ಧ ತಾಸಿನಲ್ಲಿ ಸಿಗುತ್ತಿತ್ತು. ಕೂಗದ ಕಾರಣ ಅರ್ಧ ರಾತ್ರಿ ಹೋಯಿತು.

ಉಳಿದರ್ಧ ರಾತ್ರಿಯನ್ನು ದೊಡ್ಡಕ್ಷರ, ಸಣ್ಣಕ್ಷರಗಳ ಜಗಳ ತಿಂದಿತು. ಇಂಗ್ಲಿಷಿನಲ್ಲಿ ತಿಕೋಟಾವನ್ನು ಒಂದೆಡೆ ದೊಡ್ಡ ‘ಟಿ’ಯಿಂದಲೂ ಇನ್ನೊಂದೆಡೆ ಸಣ್ಣ ‘ಟಿ’ಯಿಂದಲೂ ಬರೆದಿದ್ದಳು. ವಿಂಡೋಸಿಗೆ ಎರಡೂ ಒಂದೇ. ಮ್ಯಾಕಿಗೂ ಸಾಮಾನ್ಯವಾಗಿ ಒಂದೇ. ಲಿನಕ್ಸಿಗೆ ಅವು ಎರಡು ಬೇರೆ ಊರುಗಳು. ಮೂಲದಲ್ಲಿಯೇ ಇನ್ನೊಂದು ತಪ್ಪಿತ್ತು: ದಾರಿಯನ್ನು ‘ಸಿ’ ಡಿಸ್ಕಿನಿಂದ ಮೊದಲುಗೊಂಡು, ತನ್ನ ಹೆಸರಿನ ಫೋಲ್ಡರನ್ನು ಹಾಯ್ದು ಬರೆದಿದ್ದಳು. ಅದು ಅಥಣಿಯಲ್ಲಿ ನಿಂತವರಿಗೆ ವಿಜಯಪುರದ ನಮ್ಮ ಓಣಿಯ ಬೇವಿನ ಮರದಿಂದ ಗುರುತು ಹೇಳಿದಂತೆ.

ಬೆಳಗಿನ ಜಾವಕ್ಕೆ ಆಕೆ ಎಲ್ಲವನ್ನೂ ಅಳಿಸಿ ಸರಿಯಾದ ರೀತಿಯಲ್ಲಿ ಬರೆದಳು. ಸರಿಯಾದ ರೀತಿಯೆಂದರೆ ಇಷ್ಟೆ: ಗೆರೆಯನ್ನು ನಾವು ಕೈಯಿಂದ ಎಳೆಯದೆ, ‘ಈ ಫೋಲ್ಡರು, ಅದರೊಳಗೆ ಈ ಫೈಲು, ಇವನ್ನು ನಿನ್ನ ಪದ್ಧತಿಯಂತೆ ಕೂಡಿಸು’ ಎಂದು ಭಾಷೆಗೇ ಒಪ್ಪಿಸುವುದು. ಪೈಥಾನ್ ಭಾಷೆಯಲ್ಲಿ ಇದಕ್ಕೆ ಹಿಂದಿನಿಂದಲೂ ಸೌಕರ್ಯವಿತ್ತು, 2014ರ 3.4ನೆಯ ಆವೃತ್ತಿಯಿಂದ ‘ಪಾಥ್‌ಲಿಬ್’ ಎಂಬ ಇನ್ನೂ ಅಚ್ಚುಕಟ್ಟಾದ ಭಾಗವನ್ನು ಅದಕ್ಕಾಗಿಯೇ ಸೇರಿಸಿದ್ದಾರೆ. ಜಾವಾ ಭಾಷೆಯವರು ಗೆರೆಯ ಆಯ್ಕೆಯನ್ನು ಮೊದಲಿನಿಂದಲೂ ವ್ಯವಸ್ಥೆಗೇ ಬಿಟ್ಟಿದ್ದಾರೆ. 2000ದಲ್ಲಿ ಹುಟ್ಟಿದ ‘ಸಿಮೇಕ್’ ಎಂಬ ಸಲಕರಣೆ ಒಳಗೆಲ್ಲ ಬಲವಾಲು ಗೆರೆಯನ್ನೇ ಬಳಸಿ, ಹೊರಗೆ ಹೋಗುವಾಗ ಮಾತ್ರ ಆಯಾ ಯಂತ್ರದ ವೇಷವನ್ನು ತೊಡಿಸುತ್ತದೆ. ಇನ್ನೊಂದು ಗುಟ್ಟು ಬಹುಜನಕ್ಕೆ ತಿಳಿಯದು: ವಿಂಡೋಸಿನ ಒಳಯಂತ್ರವು ಡಾಸಿನ ಎರಡನೆಯ ಆವೃತ್ತಿಯ ಕಾಲದಿಂದಲೂ ಎರಡೂ ಗೆರೆಗಳನ್ನು ಒಪ್ಪುತ್ತ ಬಂದಿದೆ. ಗೊಣಗುವುದು ಬಾಗಿಲಲ್ಲಿ ನಿಂತ ಆಜ್ಞೆಯ ಕಿಟಕಿ ಮಾತ್ರ. ಒಳಗಿನ ಯಜಮಾನನಿಗೆ ಅಭ್ಯಂತರವಿಲ್ಲ. ಅಲ್ಲದೆ ದಾರಿಯನ್ನು ‘ಸಿ’ಯಿಂದಲ್ಲ, ಕೆಲಸದ ಫೋಲ್ಡರು ಎಲ್ಲಿದೆಯೋ ಅಲ್ಲಿಂದಲೇ ಎಣಿಸುವಂತೆ ಮಾಡಿದಳು. ಅಂತಹ ದಾರಿ ಎತ್ತಿಕೊಂಡು ಹೋದಲ್ಲಿ ಜೊತೆಗೆ ಬರುತ್ತದೆ.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ವ್ಯಾಪಾರಿಗಳು ಬಂದು ನೋಡಿ, “ಎಲ್ಲಾ ಛಲೋ ಆಗೇತಿ ತಂಗಿ, ಆದರ ಊರ ಹೆಸರ ಇಂಗ್ಲೀಷಿನ್ಯಾಗ ಯಾಕ? ಒಳಗಿನ ಫೋಲ್ಡರನೂ ಕನ್ನಡದಾಗ ಇರಲಿ, ನಮ್ಮ ಹುಡುಗರಿಗಿ ತಿಳಿಬೇಕಲ್ಲ,” ಎಂದರು.

ಸೊಸೆಗೆ ಹಿಗ್ಗೇ ಆಯಿತು. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ, ಸಣ್ಣಕ್ಷರವಿಲ್ಲ. ಗೆರೆಯ ಮುಂದೆ ‘ತಿ’ ಬಂದರೆ ಹಾರುವುದಿಲ್ಲ, ‘ಅ’ ಬಂದರೆ ಗಂಟೆ ಬಾರಿಸುವುದಿಲ್ಲ. ರಾತ್ರಿಯೆಲ್ಲ ಕಾಡಿದ ಎರಡು ಪೀಡೆಗಳಿಂದ ಕನ್ನಡವು ತಾನಾಗಿಯೇ ಬಿಡುಗಡೆ ಕೊಟ್ಟಿತೆಂದುಕೊಂಡಳು. ಪುಣೆಯ ಗೆಳತಿ ತನ್ನ ಮ್ಯಾಕಿನ ಮೇಲೆ ಎಲ್ಲ ಫೋಲ್ಡರುಗಳನ್ನೂ ಕನ್ನಡಕ್ಕೆ ತಿರುಗಿಸಿ, ಕಟ್ಟಿ, ನಡೆಸಿ ನೋಡಿ, ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು, ಗಂಟು ಕಟ್ಟಿ ಕಳುಹಿದಳು. ಊರುಗಳ ಪಟ್ಟಿಯನ್ನು ಇತ್ತ ಸೊಸೆಯೇ ಬೆರಳಚ್ಚು ಮಾಡಿದಳು. ಗೋದಾಮಿನ ಯಂತ್ರವು ಅವೆರಡನ್ನೂ ಹೊಂದಿಸಿ ಪ್ರೋಗ್ರಾಮನ್ನು ಕಟ್ಟಿತು. ಮರುದಿನ ಮುಂಜಾನೆ ತೂಕ.

ಮುಂಜಾನೆ ಎಂಟಕ್ಕೆ ಫೋನು. ಅಥಣಿಯ ರೈತರಿಗೆ ಚೀಟಿ ಬಂದಿತ್ತು. ವಿಜಯಪುರದವರಿಗೂ ಬಂದಿತ್ತು. ತಿಕೋಟಾದ ಹೆಸರು ಹೇಳಿದರೆ ‘ಊರು ಸಿಗಲಿಲ್ಲ’. ಬಬಲೇಶ್ವರವೂ ಅಷ್ಟೇ.

ನಾನೂ ಸೊಸೆಯ ಹಿಂದೆ ಸ್ಕೂಟರಿನ ಮೇಲೆ ಕುಳಿತು ಹೋದೆ. ಗೋದಾಮಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಮಾಲು ಬಿಸಿಲಿನಲ್ಲಿತ್ತು. ಜನರ ಮಾತು ಆಗಲೇ ಬೇರೆ ದಿಕ್ಕು ಹಿಡಿದಿತ್ತು. ಯಂತ್ರ ತಪ್ಪಿತೆಂದು ಯಾರೂ ಅನ್ನಲಿಲ್ಲ. ಯಂತ್ರವೇಕೆ ಎರಡೇ ಊರನ್ನು ಆರಿಸಿ ಬಿಡುತ್ತದೆ? ತಿಕೋಟಾದ ವೃದ್ಧ ರೈತರೊಬ್ಬರು ಸೊಸೆಯನ್ನು ಕಂಡವರೇ ಎದ್ದುಬಂದು, “ತಂಗಿ, ಖರೇ ಹೇಳು. ನಮ್ಮೂರ ಹೆಸರ ಯಾರ ತಗಿ ಅಂದ್ರು?” ಎಂದು ಕೇಳಿದರು. ಕೋಪದ ದನಿಯಲ್ಲ. ಇಂತಹುದನ್ನು ಎಷ್ಟೋ ಸಲ ಕಂಡು ದಣಿದವರ ದನಿ. ಆಕೆ ತುಟಿ ಕಚ್ಚಿಕೊಂಡು, “ಯಾರೂ ಅಂದಿಲ್ಲರೀ ಅಜ್ಜಾ, ಒಂದು ತಾಸ ಕೊಡ್ರಿ,” ಎಂದು ಒಳಗೆ ಹೋದಳು.

ಫೋಲ್ಡರನ್ನು ತೆರೆದು ನೋಡಿದರೆ ಅಲ್ಲಿ ‘ತಿಕೋಟಾ’ ಇದೆ. ಪಟ್ಟಿಯಲ್ಲಿ ನೋಡಿದರೆ ಅಲ್ಲಿಯೂ ‘ತಿಕೋಟಾ’ ಇದೆ. ಎರಡನ್ನೂ ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಒಂದು ಕೂದಲೆಳೆಯ ಅಂತರವಿಲ್ಲ. ಯಂತ್ರ ಮಾತ್ರ ಇದು ಅದಲ್ಲವೆಂದು ಹಟ ಹಿಡಿದಿದೆ. ಕಟ್ಟುವಾಗಲೂ ಅದು ಇದನ್ನೇ ಹೇಳಿತ್ತಂತೆ. ನೂರಾರು ಸಾಲುಗಳ ನಡುವೆ ಎರಡು ಸಾಲಿನಲ್ಲಿ ‘ಎಚ್ಚರಿಕೆ’ ಎಂದು ಬರೆದು ಮುಂದೆ ಸಾಗಿತ್ತು. ಯಾರು ಓದುತ್ತಾರೆ?

ಸೊಸೆ ಹೊರಗಿನ ತಕ್ಕಡಿಯತ್ತ ನೋಡುತ್ತ ಒಂದು ಕ್ಷಣ ಸುಮ್ಮನಿದ್ದಳು. ಬಳಿಕ ಎರಡು ತಿಕೋಟಾಗಳನ್ನೂ ತೂಕಕ್ಕೆ ಹಾಕಿದಳು. ಅಂದರೆ ಪ್ರತಿಯೊಂದು ಹೆಸರೂ ಯಂತ್ರದೊಳಗೆ ಎಷ್ಟು ಬೈಟುಗಳ ಸ್ಥಳ ಹಿಡಿದಿದೆಯೆಂದು ಕೇಳಿದಳು. ಪಟ್ಟಿಯ ತಿಕೋಟಾ 18. ಫೋಲ್ಡರಿನ ತಿಕೋಟಾ 24.

ಗುಟ್ಟು ‘ಕೋ’ ಎಂಬ ಒಂದು ಅಕ್ಷರದಲ್ಲಿತ್ತು. ಕಾಗುಣಿತ ಕಲಿಸುವ ಗುರುಗಳು ‘ಕೋ’ವನ್ನು ಒಂದೇ ಉಸಿರಿನಲ್ಲಿ ಬರೆಸುತ್ತಾರೆ. ಆದರೆ ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರ ಕಣ್ಣಿನಿಂದ ನೋಡಿರಿ: ಕಕಾರಕ್ಕೆ ಎತ್ವ, ಅದಕ್ಕೆ ಕೊಂಬಿನ ದೀರ್ಘ, ಕೊನೆಗೆ ಇನ್ನೊಂದು ದೀರ್ಘ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯುನಿಕೋಡ್ ಪದ್ಧತಿಯು ಎರಡನ್ನೂ ಮಾನ್ಯ ಮಾಡಿದೆ. ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಎರಡನ್ನೂ ಒಂದೇ ಎಂದು ತಿಳಿಯಬೇಕೆಂಬುದು ಅದರ ಕಟ್ಟಳೆ. ಬೆರಳಚ್ಚು ಮಾಡುವಾಗ ನಮಗೆ ಬರುವುದು ಸಾಮಾನ್ಯವಾಗಿ ಒಂದೇ ಚಿಹ್ನೆ. ಆದರೆ ಹಳೆಯ ಮ್ಯಾಕ್ ಯಂತ್ರಗಳು ಫೈಲಿನ ಹೆಸರನ್ನು ಬಿಡಿಸಿ, ತುಂಡು ತುಂಡಾಗಿಯೇ ಇಟ್ಟುಕೊಳ್ಳುತ್ತಿದ್ದುವು. ಕೇಳುವಾಗ ಹೇಗೆ ಕೇಳಿದರೂ ತಾವೇ ಬಿಡಿಸಿಕೊಂಡು ಹುಡುಕಿ ಕೊಡುತ್ತಿದ್ದುದರಿಂದ ಪುಣೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು. ಲಿನಕ್ಸು ಈ ಗೊಡವೆಗೆ ಹೋಗುವುದಿಲ್ಲ. ಅದಕ್ಕೆ ಹೆಸರೆಂದರೆ ಬೈಟುಗಳ ಸಾಲು. ಸಾಲು ಬೇರೆಯಾದರ ಊರೂ ಬೇರೆ. ವಿಂಡೋಸಿನದೂ ಇದೇ ಹಟ.

ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು. ತಿಕೋಟಾದಲ್ಲಿ ಆರು ಚಿಹ್ನೆ, ಹದಿನೆಂಟು ಬೈಟು. ಓತ್ವ ಮೂರಾಗಿ ಒಡೆದರೆ ಎಂಟು ಚಿಹ್ನೆ, ಇಪ್ಪತ್ತನಾಲ್ಕು ಬೈಟು. ಬಬಲೇಶ್ವರದಲ್ಲಿ ‘ಲೇ’ ಇದೆ. ಏತ್ವ ಒಡೆದರೆ ಎತ್ವ ಮತ್ತು ದೀರ್ಘ. ಇಪ್ಪತ್ತನಾಲ್ಕು ಇದ್ದದ್ದು ಇಪ್ಪತ್ತೇಳು. ಅಥಣಿಯಲ್ಲಿಯೂ ವಿಜಯಪುರದಲ್ಲಿಯೂ ಒಡೆಯುವಂತಹ ಸ್ವರಚಿಹ್ನೆಯೇ ಇಲ್ಲ. ಗುಡಿಸೂ ಕೊಂಬೂ ಇಡಿಯಾಗಿಯೇ ಇರುತ್ತವೆ. ಆದುದರಿಂದ ಆ ಎರಡು ಊರುಗಳು ಉಳಿದುವು, ಈ ಎರಡು ಹೋದುವು. ಕನ್ನಡದಲ್ಲಿ ಹೀಗೆ ಒಡೆಯುವ ಚಿಹ್ನೆಗಳು ಐದು: ಈತ್ವ, ಏತ್ವ, ಐತ್ವ, ಒತ್ವ, ಓತ್ವ. ಬೀದರ, ಮೈಸೂರು, ಕೊಪ್ಪಳ, ಕೋಲಾರಗಳಲ್ಲಿ ಒಂದೊಂದಾಗಿ ಇವು ಕುಳಿತಿವೆ. ಅವೂ ಯಾವ ದಿನ ಬೇಕಾದರೂ ಮಾಯವಾದಾವು.

ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಮೇಲೆ ಚುಕ್ಕೆ, ಗೀರುಗಳಿರುವ ಯುರೋಪಿನ ಅಕ್ಷರಗಳಿಗೂ ಕೊರಿಯದ ಲಿಪಿಗೂ ಇದೇ ಗತಿ. ಪ್ರೋಗ್ರಾಮುಗಳ ಬದಲಾವಣೆಗಳನ್ನು ಕಾಯ್ದಿಡುವ ‘ಗಿಟ್’ ಎಂಬ ಸಲಕರಣೆಯಲ್ಲಿ 2012ರಲ್ಲಿಯೇ ಮ್ಯಾಕಿನ ತುಂಡುಹೆಸರುಗಳನ್ನು ಮರಳಿ ಕೂಡಿಸುವ ಏರ್ಪಾಡನ್ನು ಮಾಡಿದರು. ಹುಡುಗಿಯರು ಗಿಟ್ಟಿನ ಮೂಲಕ ಕಳುಹದೆ ಗಂಟು ಕಟ್ಟಿ ಅಂಚೆಗೆ ಹಾಕಿದ್ದರಿಂದ ಅದು ಒದಗಲಿಲ್ಲ. ಆಪಲ್ ಸಂಸ್ಥೆಯವರು 2017ರಲ್ಲಿ ಹೊಸ ಕಡತವ್ಯವಸ್ಥೆಯನ್ನು ತಂದ ಮೇಲೆ ಮ್ಯಾಕು ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಡುತ್ತದೆ. ಗೆಳತಿಯ ಯಂತ್ರ ಅದಕ್ಕಿಂತ ಹಳೆಯದು. ಬೈಟಿನ ಲೆಕ್ಕ ಬಂದುದರಿಂದ ಇನ್ನೊಂದು ಮಾತು: ಲಿನಕ್ಸಿನಲ್ಲಿ ಒಂದು ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟು ಮೀರಬಾರದು. ಇಂಗ್ಲಿಷಿನವರಿಗೆ 255 ಅಕ್ಷರ, ನಮಗೆ 85 ಚಿಹ್ನೆ. ತುಂಡಾದರೆ ಇನ್ನೂ ಕಡಿಮೆ. ವಿಂಡೋಸಿನಲ್ಲಿ ಇಡೀ ದಾರಿಗೇ 260ರ ಮಿತಿಯಿತ್ತು. 2016ರಿಂದ ಅದನ್ನು ಸಡಿಲಿಸಿಕೊಳ್ಳಲು ಅವಕಾಶವಿದೆ, ಆದರೆ ಕೇಳಿದವರಿಗೆ ಮಾತ್ರ.

ತಪ್ಪು ತಿಳಿದ ಮೇಲೆ ತಿದ್ದುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಎಲ್ಲ ಹೆಸರುಗಳನ್ನೂ ಹೋಲಿಸುವ ಮೊದಲು ಕೂಡಿದ ರೂಪಕ್ಕೆ ತರುವ ಒಂದು ಸಾಲನ್ನು ಸೇರಿಸಿದಳು. ಅಂತಹ ಸೌಕರ್ಯ ಈಗ ಹೆಚ್ಚಿನ ಭಾಷೆಗಳಲ್ಲಿದೆ. ಫೋಲ್ಡರು ಸಿಗದಿದ್ದರೆ ಎಚ್ಚರಿಕೆ ಬರೆದು ಮುಂದೆ ಸಾಗದೆ ಅಲ್ಲಿಯೇ ನಿಂತುಬಿಡುವಂತೆ ಬಿಲ್ಡ್ ಟೂಲಿಗೆ ತಾಕೀತು ಮಾಡಿದಳು. ನನ್ನ ಎಣಿಕೆಯಲ್ಲಿ ಎರಡನೆಯದೇ ದೊಡ್ಡ ತಿದ್ದುಪಡಿ. ಆಮೇಲೆ, ಅದೇ ವಾರದಲ್ಲಿ, ಫೋಲ್ಡರುಗಳಿಗೆಲ್ಲ ಬರಿಯ ಅಂಕಿಗಳನ್ನು ಕೊಟ್ಟು ಊರಿನ ಕನ್ನಡ ಹೆಸರನ್ನು ಒಳಗಿನ ಪಟ್ಟಿಯಲ್ಲಿ ಮಾತ್ರ ಇಟ್ಟಳು. ವ್ಯಾಪಾರಿಗಳಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ನನಗೂ ರುಚಿಸಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ತನ್ನ ಊರಿನ ಯಂತ್ರದಲ್ಲಿ ತನ್ನ ಊರಿನ ಹೆಸರನ್ನು ತನ್ನ ಲಿಪಿಯಲ್ಲಿ ಬರೆಯಲು ಅಂಜಬೇಕಾಗಿ ಬರುವುದು ಭೂಷಣವಲ್ಲ. ಆದರೆ ಚೀಟಿಗಾಗಿ ಬಿಸಿಲಿನಲ್ಲಿ ನಿಂತವರ ಮುಂದೆ ನನ್ನ ಅಭಿಮಾನವನ್ನು ವಾದಕ್ಕೆ ಹೂಡಲು ಮನಸ್ಸು ಬರಲಿಲ್ಲ.

ಹತ್ತು ಗಂಟೆಗೆ ತಿಕೋಟಾದ ಮೊದಲ ಚೀಟಿ ಹೊರಬಂದಿತು. ಸೊಸೆ ಅದನ್ನು ತಾನೇ ಒಯ್ದು ವೃದ್ಧರ ಕೈಗೆ ಕೊಟ್ಟು, ಆದದ್ದೇನೆಂದು ವಿವರಿಸಿದಳು: ‘ಕೋ’ ಎಂಬುದು ಒಂದೆಡೆ ಇಡಿಯಾಗಿತ್ತು, ಇನ್ನೊಂದೆಡೆ ಮೂರು ತುಂಡಾಗಿತ್ತು. ಅವರು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಹೆಸರ ಬರೋಬರಿ ಐತಿ,” ಎಂದರು. “ಈಗ ತೂಕಾ ತೋರ್ಸು.”

ಸಂಜೆ ಮನೆಗೆ ಮರಳುವಾಗ ವ್ಯಾಪಾರಿಗಳು ನಮ್ಮನ್ನು ಬಾಗಿಲವರೆಗೆ ಕಳುಹಿಸಲು ಬಂದು, ಬರುವ ವರ್ಷ ತೊರವಿಯಲ್ಲಿ ಇನ್ನೊಂದು ತೂಕದ ಕಟ್ಟೆಯನ್ನು ತೆರೆಯುವ ಆಲೋಚನೆಯಿದೆಯೆಂದರು. ಸೊಸೆ ಸ್ಕೂಟರಿನ ಕೀಲಿ ತಿರುವುವುದನ್ನು ಬಿಟ್ಟು ಬೆರಳು ಮಡಿಸಿ ಎಣಿಸತೊಡಗಿದಳು.

“ಏನ ಎಣಸಾಕತ್ತಿ?” ಎಂದೆ.

“ಹದಿನೈದ ಇದ್ದದ್ದು ಹದಿನೆಂಟ ಆಗತೈತ್ರೀ ಮಾಮಾ,” ಎಂದಳು. “ತೊರವಿಯೊಳಗೂ ಒತ್ವ ಐತಿ.”